ಬಳ್ಳಿ ಹೂಳುವ ದಿನ

ಬಂದೆಯಾ ಪಾದ್ರಿ? ಕೂರುವುದು ಆಮೇಲೆ,
ಮೊದಲು ಆ ಸನಿಕೆ ಹಿಡಿ.
ಹಿಮ ಬೀಳಲು ಇನ್ನು ವಾರವೂ ಇಲ್ಲ,
ಬಳ್ಳಿಯನ್ನು ಇವತ್ತೇ ಹೂಳಬೇಕು.

ನಗಬೇಡ. ನೀನು ಕಡಲ ಪಕ್ಕ
ಬೇರೂತಿನಲ್ಲಿ ಬೆಳೆದವನು;
ಅಲ್ಲಿ ದ್ರಾಕ್ಷಿ ಚಳಿಗಾಲದಲ್ಲೂ
ಚಪ್ಪರದ ಮೇಲೇ ಮಲಗುತ್ತದೆ.
ಗ್ಯುಮ್ರಿಯಲ್ಲಿ ಹಾಗೆ ಬಿಟ್ಟರೆ
ಬೇರಿನವರೆಗೂ ಸುಟ್ಟುಹೋಗುತ್ತದೆ.
ಹೀಗೆ ಬಿಚ್ಚಿ, ಬಾಗಿಸಿ
(ಮೆಲ್ಲಗೆ, ಮುರಿದೀಯೆ!)
ಮೊಣಕೈಯುದ್ದ ಮಣ್ಣು ಎಳೆಯಬೇಕು.
ಏಪ್ರಿಲ್ಲಿನಲ್ಲಿ ಅಗೆದರೆ ಕಣ್ಣು ಬಿಡುತ್ತದೆ.

ಭಾನುವಾರ ನೀನು ತೃಪ್ತಿಯ ಬಗ್ಗೆ ಹೇಳಿದೆ.
ಚೆನ್ನಾಗಿಯೇ ಹೇಳಿದೆ. ದನಿ ಒಳ್ಳೆಯದು ನಿನ್ನದು.
ಹಸಿದಾಗಲೂ ಉಂಡಾಗಲೂ
ಒಂದೇ ಮನಸ್ಸು ಇರಲಿ ಎಂದೆ.
ಎದ್ದು ಕೇಳೋಣವೆನಿಸಿತು,
ಆ ಒಂದು ಯಾವುದು?
ನನಗೆ ಬೆಳಿಗ್ಗೆಗೊಂದು ಇದೆ,
ಒಲೆ ಹತ್ತದ ರಾತ್ರಿಗೆ ಇನ್ನೊಂದು.

ಈ ಡಬ್ಬಿಮನೆ ಎರಡು ವರ್ಷಕ್ಕೆಂದು ಕೊಟ್ಟದ್ದು.
ಮೂವತ್ತು ಚಳಿಗಾಲ ಎಣಿಸಿದೆ,
ಆಮೇಲೆ ಎಣಿಸುವುದು ಬಿಟ್ಟೆ.
ತುಕ್ಕಿಗೂ ನನಗೂ ಒಂದು ಒಪ್ಪಂದವಿದೆ:
ಅದು ವರ್ಷಕ್ಕೊಂದು ಬೆರಳು ತಿನ್ನುತ್ತದೆ,
ನಾನೊಂದು ತಗಡು ಬಡಿಯುತ್ತೇನೆ.

ಆ ಬುಧವಾರ
ಮೆಹ್ರುಝಾನನ ಮೈ ಸ್ವಲ್ಪ ಬಿಸಿ ಇತ್ತು.
ಹಣೆ ಮುಟ್ಟಿದೆ. ಏನಿಲ್ಲ, ಏಳು, ಅಂದೆ.
ಶಾಲೆಗೆ ಹೋದ.
ಇಷ್ಟೇ ಕಥೆ. ಉಳಿದದ್ದನ್ನು ಊರೇ ಹೇಳುತ್ತದೆ,
ಹನ್ನೊಂದು ನಲವತ್ತೊಂದಕ್ಕೆ ನಿಂತ ಗಡಿಯಾರ ಹೇಳುತ್ತದೆ.
ನನ್ನ ಪಾಲಿಗೆ ಬಂದದ್ದು ಆ ಹಣೆಯ ಬಿಸಿ ಮಾತ್ರ,
ಈ ಅಂಗೈಯಲ್ಲಿ. ಮುಟ್ಟಿ ನೋಡು.
ಇಲ್ಲವೇ?
ನಿನಗೆ ಸಿಗುವುದಿಲ್ಲ ಬಿಡು.

ನಾಲ್ಕನೆಯ ದಿನ ಅಗೆದು ತೆಗೆದರು.
ಮತ್ತೆ ಹೂಳಿದೆವು.
ಏಪ್ರಿಲ್ ಬಂತು, ಹೋಯಿತು.

ಕರ್ತನ ಜೊತೆ ನಾನು ಮಾತು ಬಿಟ್ಟೆ.
ಕೂಗಾಡಲಿಲ್ಲ. ಹಿಂದೊಮ್ಮೆ
ಅತ್ತೆಯ ಜೊತೆ ಬಿಟ್ಟ ಹಾಗೆ,
ಒಂದೇ ಮನೆ, ಒಂದೇ ಒಲೆ, ಮಾತಿಲ್ಲ.
ಅವನೂ ಒತ್ತಾಯಿಸಲಿಲ್ಲ.
ಎದ್ದು ಹೋಗಲೂ ಇಲ್ಲ.

ಈ ಬಳ್ಳಿಯ ಕಡ್ಡಿ ಕೊಟ್ಟವನು
ಪರಿಹಾರದ ಲಾರಿಯ ಚಾಲಕ,
ಒದ್ದೆ ಕಾಲುಚೀಲದಲ್ಲಿ ಸುತ್ತಿ ತಂದಿದ್ದ.
ಈ ಮಣ್ಣಿನಲ್ಲಿ ಬದುಕದು ಅಂದರು ಎಲ್ಲರೂ.
ನಾನು ಅದಕ್ಕೇ ನೆಟ್ಟೆ.
ಏಳು ವರ್ಷ ಬರೀ ಎಲೆ.
ಎಲೆಯಲ್ಲೇ ಅಕ್ಕಿ ಸುತ್ತಿ ಬೇಯಿಸಿ ತಿಂದೆ.
ಎಂಟನೆಯ ವರ್ಷ ಒಂದು ಗೊಂಚಲು,
ಹದಿನೇಳು ಹಣ್ಣು, ಹಸಿರು,
ಹಲ್ಲು ಚುಳ್ಳೆನ್ನುವ ಹುಳಿ.

ಆಗಸ್ಟಿನಲ್ಲಿ ದ್ರಾಕ್ಷಿ ಹರಸುವ ಭಾನುವಾರದ ತನಕ
ನಾವು ಒಂದನ್ನೂ ಬಾಯಿಗೆ ಹಾಕುವುದಿಲ್ಲ,
ನಿನಗೆ ಗೊತ್ತಲ್ಲ.
ಮೂರು ವಾರ ಗುಬ್ಬಿ ಓಡಿಸುತ್ತ ಕಾದೆ.
ಮಾತು ಬಿಟ್ಟವನ ಮನೆಗೆ
ಬಟ್ಟಲು ಹಿಡಿದು ಹೋದೆ.
ನಿನಗಿಂತ ಮುಂಚಿನ ಮುದಿ ಪಾದ್ರಿ
ಹರಸಿ, ಒಂದನ್ನು ಬಾಯಿಗೆ ಹಾಕಿಕೊಂಡರು.
ಕಣ್ಣು ಮುಚ್ಚಿದರು.
ಪ್ರಾರ್ಥನೆ ಅಂದುಕೊಂಡೆ.
ಹುಳಿಗೆ, ಮಹಾರಾಯ! ಹುಳಿಗೆ!
ನಕ್ಕುಬಿಟ್ಟೆ, ಬಲಿಪೀಠದ ಎದುರೇ,
ಎಂಟು ವರ್ಷದಲ್ಲಿ ಮೊದಲ ಸಲ.
ಅವನಿಗೂ ಕೇಳಿಸಿರಬೇಕು.

ಕ್ಷಮಿಸಿದೆನೋ? ಯಾರು ಯಾರನ್ನು?
ಆ ಲೆಕ್ಕ ಮುಗಿದಿಲ್ಲ, ಮುಗಿಸುವ ಅವಸರವೂ ಇಲ್ಲ.
ಒಳಗೆ ಒಲೆ ಇದೆ, ಅದರ ಮೇಲೆ ನೀರಿದೆ.
ತೃಪ್ತಿ ಅನ್ನುವ ನಿನ್ನ ಮಾತು
ಪರಿಹಾರದ ಮೂಟೆಯಲ್ಲಿ ಬಂದ ಕೋಟಿನ ಹಾಗೆ,
ನನಗೆ ತೋಳು ಉದ್ದ.
ಮಡಚಿಕೊಂಡು ತೊಡುತ್ತೇನೆ.

ಇನ್ನೊಂದು ಸನಿಕೆ ಹಾಕು, ಬುಡ ಕಾಣಬಾರದು.
ಸಾಕು.
ಚಹಾ ಇದೆ, ಸಕ್ಕರೆ ಇಲ್ಲ.
ಉಪ್ಪುನೀರಲ್ಲಿ ಇಟ್ಟ ಎಲೆ ಒಂದು ಜಾಡಿ ಕೊಡುತ್ತೇನೆ,
ನಿನ್ನ ಹೆಂಡತಿ ಬಸುರಿಯಂತಲ್ಲ, ನಾಲಿಗೆ ಹುಳಿ ಬೇಡುತ್ತದೆ.
ಎಲ್ಲಿ, ಏಳುವುದಕ್ಕೆ ಕೈ ಕೊಡು.

ಅಯ್ಯೋ, ಇದೇನು, ಕೈ ಸುಡುತ್ತಿದೆ!
ಹಣೆ ತೋರಿಸು.
ಏನಿಲ್ಲ ಅನ್ನಬೇಡ.
ಇವತ್ತು ಎಲ್ಲೂ ಹೋಗಬೇಡ,
ಇಲ್ಲೇ, ಒಲೆಯ ಪಕ್ಕ, ಕೂತುಕೋ.