ಉದ್ರಿ ಪುಸ್ತಕದ ಹಿಂದಿನ ಹಾಳೆ

ಮುಂದಿನ ಹಾಳೆಗಳಲ್ಲಿ
ನನಗೆ ಯಾರು ಎಷ್ಟು ಕೊಡಬೇಕು ಅಂತ ಇದೆ.
ಹಿಂದಿನಿಂದ ತೆರೆದರೆ
ನಮ್ಮ ಹುಡುಗಿಯರು ಯಾರಿಗೆ ಎಷ್ಟು ಕೊಟ್ಟರು ಅಂತ.
ಎರಡೂ ನನ್ನ ಅಕ್ಷರವೇ,
ಎರಡರ ಮೇಲೂ ಮಿರ್ಚಿಯ ಎಣ್ಣೆ.

ಆಗಸ್ಟು: ಹರಿಹರದ ಮೇಲೆ ಗೆಲುವು, ಹನ್ನೊಂದು ಪಾಯಿಂಟು.
ರಾಣೆಬೆನ್ನೂರು, ಗೆಲುವು.
ಹೊನ್ನಾಳಿಯವರು ಬರಲೇ ಇಲ್ಲ, ಅದನ್ನೂ ಗೆಲುವೆಂದೇ ಬರೆದೆ.
ದಾದಾಪೀರ್ ಒಪ್ಪಲಿಲ್ಲ.
"ಆಡದೇ ಗೆದ್ದಿದ್ದು ಗೆಲುವೇನಲೇ?
ಪಂಕ್ಚರ್ ಆಗದ ಟ್ಯೂಬಿಗೆ ನಾನು ದುಡ್ಡು ಇಸ್ಕಂತೀನಾ?"
"ಇಸ್ಕಂತೀ," ಅಂದ ರುದ್ರಮುನಿ.
ಆ ಸಂಜೆ ಅಲ್ಲಿಗೆ ಮುಗಿಯಿತು.

ನನ್ನ ಮಂಡಕ್ಕಿ ಅಂಗಡಿಯ ಬೆಂಚಿನಿಂದ
ಕೋರ್ಟು ಅರ್ಧ ಮಾತ್ರ ಕಾಣುತ್ತದೆ.
ಕಾಲೇಜಿನ ಕಾಂಪೌಂಡು ಕುಸಿದ ಕಡೆ
ಒಂದು ರಿಂಗು, ಒಂದು ಬೋರ್ಡು, ಮಾಸಿದ ಬಿಳಿ ಗೆರೆ.
ಆಚೆ ರಿಂಗಿನಲ್ಲಿ ಏನಾಯಿತೋ
ಕೂಗು ಕೇಳಿ ತಿಳಿಯಬೇಕು.

ಈಚೆ ರಿಂಗಿಗೆ ಬಲೆ ಇರಲಿಲ್ಲ. ರುದ್ರಮುನಿ
ಮಿಲ್ಲು ಮುಚ್ಚಿದ ದಿನ ಕೈಚೀಲದಲ್ಲಿ ತಂದಿಟ್ಟಿದ್ದ
ನೂಲಿನ ಲಡಿ ಬಿಚ್ಚಿ ಮೂರು ರಾತ್ರಿ ಹೆಣೆದ.
ಈಗ ಚೆಂಡು ಇಳಿದರೆ
ಸರ್ರನೆ ಒಂದು ಸದ್ದು.
"ನಲವತ್ತನೇ ನಂಬರ್ ನೂಲು ಅದು," ಅನ್ನುತ್ತಾನೆ,
ಆ ಎರಡು ಪಾಯಿಂಟು ತನ್ನದೇ ಎನ್ನುವ ಹಾಗೆ.

ಅಕ್ಟೋಬರಿನಲ್ಲಿ ಕೆಟ್ಟಿತು.
ಜಗಳೂರು ಕಡೆಯ ಓಬಮ್ಮ,
ಬಾಗಿಲಲ್ಲಿ ತಲೆ ತಗ್ಗಿಸಿಯೇ ಬೆಳೆದ ಹುಡುಗಿ,
ಶಿವಮೊಗ್ಗದಲ್ಲಿ ಹಾರಿ ಇಳಿಯುವಾಗ ಕಾಲು ಹೊರಳಿತು.
ಅಲ್ಲಿಂದ ನಾಲ್ಕು ಸೋಲು, ಒಂದರ ಕೆಳಗೊಂದು,
ಬಡ್ಡಿ ಬರೆದ ಹಾಗೆ.

ಚಿತ್ರದುರ್ಗದ್ದು ಬರೆಯುವಾಗ
ಲೈಬ್ರರಿ ಅಟೆಂಡರ್ ಹಾಲಮ್ಮ ನನ್ನ ಪೆನ್ನು ಹಿಡಿದಳು.
ಟೀಮಿನ ಬಸ್ಸಲ್ಲಿ ಹೋಗಿ ಬಂದ ಸಾಕ್ಷಿ ಅವಳೊಬ್ಬಳೇ.
"ಗಾಳಿ ಅಣ್ಣ. ಗುಡ್ಡದ ಮೇಲಿನ ಫ್ಯಾನೆಲ್ಲ ನಮ್ಮ ಕಡೀಗೇ ತಿರುಗಿದ್ವು.
ಹಾಕಿದ ಚೆಂಡು ವಾಪಸ್ ಬರ್ತಿತ್ತು."
"ಆ ಫ್ಯಾನು ಗಾಳಿ ಬಿಡಲ್ಲ ಹಾಲಮ್ಮ, ಗಾಳಿ ತಿಂತಾವೆ."
"ನೀನು ಹೋಗಿದ್ಯಾ? ಸುಮ್ನಿರು."
ಸೋಲು ಅಂತಲೇ ಬರೆದು
ಪಕ್ಕದಲ್ಲಿ ಸಣ್ಣಗೆ, ಗಾಳಿ.

ಆಮೇಲೆ ಕೋಚನ್ನು ತೆಗೆಯಬೇಕು ಅಂದೆವು.
ಜನವರಿಯಲ್ಲಿ ಎರಡು ಗೆದ್ದಾಗ
ತೆಗೆಯಬೇಕು ಅಂದವನು ಯಾರೆಂದು ಜಗಳ.

ಕೊನೆಯ ಪಂದ್ಯ ತುಮಕೂರಿನ ಮೇಲೆ, ನಮ್ಮ ಕೋರ್ಟಲ್ಲೇ.
ಕೂಗು ಎಣಿಸಿ ಎಣಿಸಿ ನಾನು ಬರೆದದ್ದು ಐವತ್ಮೂರು, ಐವತ್ಮೂರು.
ಟೇಬಲ್ಲಿನವರು ಹೇಳಿದ್ದು ನಮಗೆ ಐವತ್ತೆರಡು.
ಹೋಯಿತು ಸೀಸನ್ನು.

ಒಂದು ವಾರ ಆ ಒಂದು ಪಾಯಿಂಟು ಹುಡುಕಿದೆವು.
ಕದ್ದಿದ್ದಾರೆ ಅಂದ ದಾದಾಪೀರ್.
ಪ್ರಿನ್ಸಿಪಾಲರಿಗೆ ಅರ್ಜಿ ಹಾಕೋಣ ಅಂದ,
ಒಕ್ಕಣೆಯನ್ನೂ ಬಾಯಲ್ಲೇ ಹೇಳಿದ.
"ಮೂರನೇ ಕ್ವಾರ್ಟರು, ಓಬಮ್ಮಂಗೆ ಎರಡು ಫ್ರೀ ಥ್ರೋ, ಆಚೆ ರಿಂಗು.
ಎರಡು ಸಲ ಕೂಗು ಬಂತಾ ಇಲ್ವಾ?"
"ಬಂತು," ಅಂದೆವು ಎಲ್ಲ.

"ಎರಡನೇ ಕೂಗು ತುಮಕೂರಿನೋರ್ದು."

ಬೆಂಚಿನ ತುದಿಯಲ್ಲಿ, ಮಂಡಕ್ಕಿ ಪೊಟ್ಟಣ ಮಡಿಲಲ್ಲಿ,
ಮಿರ್ಚಿಯ ತೊಟ್ಟು ಹಿಡಿದು ಒಂದು ಹುಡುಗಿ.
ಕೂತಾಗ ಯಾರೂ ಅಷ್ಟು ಎತ್ತರ ಕಾಣುವುದಿಲ್ಲ.
"ಮೊದಲ್ನೇದು ಬಿತ್ತು. ಎರಡನೇದು ರಿಂಗಿನ ಮೇಲೆ ಕುಂತು
ಯೋಚನೆ ಮಾಡಿ ಹೊರಗೆ ಬಿತ್ತು. ಅದಕ್ಕೇ ಅವ್ರು ಕೂಗಿದ್ದು."

ಬಾಣಲೆಯ ಸದ್ದು ಬಿಟ್ಟರೆ ಏನಿಲ್ಲ.
ರುದ್ರಮುನಿ ಮೆಲ್ಲಗೆ,
"ಆ ರಿಂಗಿಗೆ ಬಲೆ ಇಲ್ಲವ್ವ. ಇನ್ನೊಂದು ಲಡಿ ಐತಿ ಮನೇಲಿ."
ಅವಳು ನಕ್ಕಳು.

ಐವತ್ಮೂರು ಹೊಡೆದು ಐವತ್ತೆರಡು ಮಾಡಿದೆ.
ಅವಳು ಎದ್ದಾಗ ತಗಡಿನ ಚಪ್ಪರಕ್ಕೆ ತಲೆ ತಾಗುವುದರಲ್ಲಿತ್ತು.
"ಐದು ರೂಪಾಯಿ ಕಮ್ಮಿ ಐತಣ್ಣ, ಬರ್ಕಳ್ರಿ. ಜೂನಿಗೆ ಕೊಡ್ತೀನಿ."
ಪುಸ್ತಕ ತಿರುಗಿಸಿದೆ.
ಹಿಂದೆ ಇಷ್ಟು ದಿನ ಬರೆದ ಹೆಸರನ್ನು
ಮೊದಲ ಸಲ ಮುಂದೆ ಬರೆದೆ: ಓಬಮ್ಮ, ಐದು.

ಅವಳು ಗೇಟು ದಾಟುವ ತನಕ ಮೂವರೂ ನೋಡಿದರು.
"ಇನ್ನೂ ಕುಂಟ್ತಾಳೆ, ಎಡಗಾಲು."
"ನಿನ್ನ ತಲೆ, ಬಲಗಾಲು."
"ಕುಂಟ್ತಾ ಇಲ್ಲ ಕಣ್ರೋ, ಚಪ್ಪಲಿ ಹರಿದೈತಿ," ಅಂದಳು ಹಾಲಮ್ಮ,
ಇನ್ನೊಂದು ಪ್ಲೇಟಿಗೆ ಕೈ ಚಾಚುತ್ತ.