ಸೊನ್ನೆಗೆ ತಂದದ್ದು

ಭಾನುವಾರ ಹಳೆ ಸಾಮಾನಿನ ಮಾರಾಟಕ್ಕೆ ಹೊರಡುವಾಗ
ನನ್ನ ಜೇಬಿನಲ್ಲಿ ಮೂರು: ಮಡಿಸಿದ ಡಾಲರು, ಭೂತಗನ್ನಡಿ,
ಬೆರಳುದ್ದದ ಒಂದು ಕೊಕ್ಕೆಕೀಲಿ.
ಮೊದಲೆರಡು ಕೊಳ್ಳುವುದಕ್ಕೆ.
ಮೂರನೆಯದು ಕೊಂಡ ಮೇಲೆ.

ಯಾರದೋ ಖಾನೆಯಲ್ಲಿ ಐವತ್ತು ವರ್ಷ ಸುಮ್ಮನೆ ಬಿದ್ದ
ಮೈಕ್ರೋಮೀಟರು ಸುಳ್ಳು ಕಲಿತಿರುತ್ತದೆ,
ಪೂರಾ ಬಾಯಿ ಮುಚ್ಚಿದರೂ ಸೊನ್ನೆ ಅನ್ನುವುದಿಲ್ಲ.
ಕೊಕ್ಕೆ ಸಿಕ್ಕಿಸಿ ತೋಳನ್ನು ಎಳ್ಳಷ್ಟು ತಿರುವಿದರೆ
ಗೆರೆಗೆ ಗೆರೆ ಕೂಡುತ್ತದೆ. ಕಾರು ಚಾಲೂ ಮಾಡುವುದು
ಆಮೇಲೆ.
ನಲವತ್ತು ವರ್ಷ ತಪಾಸಣೆ ಕೋಣೆಯಲ್ಲಿ ಕೂತವನು ನಾನು,
ಸುಳ್ಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬರಲಾರೆ.

ಏಪ್ರಿಲ್. ವರ್ಮಾಂಟಿನ ರಸ್ತೆಯೆಲ್ಲ ಕೆಸರು.
ಬಾಗಿಲು ಹಾಕಿದ ಲೇತ್ ಕಾರ್ಖಾನೆಯ ಬೆನ್ನಿಗೆ
ಹೊಳೆ ಹಿಮ ಕುಡಿದು ಉಬ್ಬಿತ್ತು.
ಹೆಲೆನಾ ವ್ರೋಬೆಲ್ ಕೊಟ್ಟಿಗೆಯ ಕದಕ್ಕೆ ಕಲ್ಲೊಂದನ್ನು ಒತ್ತು ಕೊಟ್ಟು
"ಅಪ್ಪನದು" ಅಂದಳು. ಅಷ್ಟೇ.

ಓಕ್ ಪೆಟ್ಟಿಗೆ. ಹನ್ನೊಂದು ಖಾನೆ. ಹಸಿರು ಬಟ್ಟೆಯ ಹಾಸು.
ತುಕ್ಕು ಹಿಡಿಯದಿರಲೆಂದು ಮೂಲೆಮೂಲೆಗೆ ಇಟ್ಟ ಕರ್ಪೂರ
ಎಂದೋ ಹಾರಿಹೋಗಿ, ಅದರ ವಾಸನೆಯಷ್ಟೇ ಕಾವಲಿಗೆ ಕೂತಿತ್ತು.
ಜೇಡಗಾಲಿನ ಕ್ಯಾಲಿಪರ್, ಹಿತ್ತಾಳೆಯ ವರ್ನಿಯರ್,
ಅವುಗಳಡಿ, ಎಣ್ಣೆಕಾಗದದಲ್ಲಿ,
ಹದಿನೇಳು ವರ್ಷ ನಾನು ಹುಡುಕಿದ್ದು.

ಹೊಳೆಯಂಚಿನ ಆ ಸಣ್ಣ ಕಮ್ಮಟ ಸುಟ್ಟು ಬೂದಿಯಾಗುವ ಮುನ್ನ
ಮಾಡಿದ್ದು ಇನ್ನೂರೋ ಇನ್ನೂರ ಹತ್ತೋ.
ಚೌಕಟ್ಟಿನ ಮೇಲೆ ಒಬ್ಬ ಕೆತ್ತಿದ ಹೆಸರನ್ನು
ಇನ್ನೊಬ್ಬ ಕೆರೆದಿದ್ದ, ಅದರ ಮೇಲೆ
ಪುಟ್ಟದಾಗಿ, ಓರೆಯಾಗಿ: ಕೆ. ವ್ರೋಬೆಲ್.

ಅರವತ್ತು ಅಂದಳು.
ಚೌಕಾಸಿ ಮಾಡಲಿಲ್ಲ ನಾನು.
ಅದರ ನಿಜವಾದ ಬೆಲೆ ಹೇಳಲೂ ಇಲ್ಲ.

ಕಾರಿನಲ್ಲಿ ಕೂತು ಬಾಯಿ ಮುಚ್ಚಿಸಿ ನೋಡಿದೆ.
ಸೊನ್ನೆಯ ಈಚೆಗೆ, ಒಂದಿಷ್ಟು.
ತಲೆಗೂದಲೊಂದನ್ನು ಉದ್ದಕ್ಕೆ ಆರಾಗಿ ಸೀಳಿದರೆ ಅದರಲ್ಲೊಂದು ಪಾಲು.
ತಿರುವಿದೆ. ಗೆರೆಗೆ ಗೆರೆ ಕೂಡಿತು.

ಗಾಜು ತಟ್ಟಿದಳು ಹೆಲೆನಾ, ಕೈಯಲ್ಲಿ ಪೆಟ್ಟಿಗೆಯ ಕೀಲಿ.
"ಇದನ್ನ ಮರೆತಿದ್ದೆ. ಮತ್ತೆ ನೋಡಿ,
ಅದರ ಸೊನ್ನೆ ಸರಿ ಇಲ್ಲ ಅನ್ನಿಸಬಹುದು ನಿಮಗೆ.
ಅಪ್ಪನ ಹೆಬ್ಬೆರಳು ಲೇತಿಗೆ ಹೋಗಿತ್ತಲ್ಲ, ಮೊದಲ ಗಂಟಿನವರೆಗೆ.
ಉಳಿದ ಮೊಂಡಿನಲ್ಲಿ ಒತ್ತುತ್ತಿದ್ದ, ಗಟ್ಟಿಯಾಗಿ.
ಆ ಒತ್ತಿಗೆ ತಕ್ಕ ಹಾಗೆ ಇಟ್ಟುಕೊಂಡಿದ್ದ ಅದನ್ನ.
ಮುಟ್ಟಿದರೆ ನಮ್ಮ ಕೈಗೆ ಏಟು.
ಅವನ ಅಚ್ಚುಗಳು ಒಂದೂ ವಾಪಸು ಬರಲಿಲ್ಲ, ಗೊತ್ತಾ?"

ಗೊತ್ತಿಲ್ಲ ಅಂದೆ.
ಕೊಕ್ಕೆಕೀಲಿ ತೊಡೆಯ ಮೇಲೆಯೇ ಇತ್ತು.
ಅವಳು ಅದನ್ನು ಕಂಡಳೋ ಏನೋ,
ಹಿಂದಿರುಗುವಾಗ ಕೆಸರು ನೋಡಿ ನೋಡಿ ಹೆಜ್ಜೆ ಇಟ್ಟಳು.

ಈಗ ನನ್ನ ಗಾಜಿನ ಬೀರುವಿನಲ್ಲಿ ನಲವತ್ಮೂರು,
ಎಲ್ಲಕ್ಕೂ ಒಂದೇ ಸೊನ್ನೆ. ಬಂದವರು ಮೆಚ್ಚುತ್ತಾರೆ.
ಕೈಗುಣ ಅಂತ ಅಡುಗೆಯವರಿಗೆ ಹೇಳುತ್ತೇವೆ,
ನಾಡಿ ಹಿಡಿಯುವವರಿಗೆ ಹೇಳುತ್ತೇವೆ.
ಉಕ್ಕಿನಲ್ಲಿ ಅದನ್ನು ಬರೆದಿಟ್ಟವನೊಬ್ಬ ಇದ್ದ,
ನಾನು ಓದಿ, ತಪ್ಪು ಅಂದುಕೊಂಡು, ಅಳಿಸಿದೆ.

ಕೆಲವು ರಾತ್ರಿ ಅದನ್ನು ಹೊರಗೆ ತೆಗೆದು
ಹೆಬ್ಬೆರಳು ಮಡಿಸಿ, ಗೆಣ್ಣಿನಿಂದ ಒತ್ತಿ ನೋಡುತ್ತೇನೆ.
ಒಮ್ಮೆ ಒಂದು ಪಾಲು. ಒಮ್ಮೆ ಒಂದೂವರೆ.
ಒಮ್ಮೆ ಏನೂ ಇಲ್ಲ.

ಎಷ್ಟು ತಿರುವಿದ್ದೆ ಅಂದು?
ಸುಮಾರಾಗಿ ಗೊತ್ತು.
ಸುಮಾರು ಅನ್ನುವ ಪದವನ್ನು
ಆ ಕೋಣೆಯಲ್ಲಿ ನಲವತ್ತು ವರ್ಷ
ಯಾರ ಬಾಯಿಂದಲೂ ಒಪ್ಪಿದವನಲ್ಲ ನಾನು.