ಎಡಕ್ಕೆ ಏನೋ ತಾಗುತ್ತದೆ

ಕುಲಶೇಖರದ ಇಳಿಜಾರಿನಲ್ಲಿ, ಕಾರಿಲ್ಲದ ನಮ್ಮ ಕಾರ್‌ಶೆಡ್ಡಿನಲ್ಲಿ
ಎರಡು ಬಿಳಿ ಹಲಗೆ ತಂದು ಮಲಗಿಸಿದ್ದೇನೆ.
ಒಂದು, ಹಂಪನಕಟ್ಟೆಯಲ್ಲಿ ಬಾಗಿಲೆಳೆದ ಐಸ್‌ಕ್ರೀಮ್ ಅಂಗಡಿಯ ಕೌಂಟರು,
ಇನ್ನೊಂದು ಯಾರದೋ ಅಡುಗೆಮನೆಗೆ ಅಳತೆ ತಪ್ಪಿ ಉಳಿದದ್ದು.
ಲ್ಯಾನ್ಸಿ ಇನ್ನೂರಕ್ಕೆ ಕೊಟ್ಟ. ಟೆಂಪೋ ಬಾಡಿಗೆ ಆರುನೂರು.

ಕಲ್ಲಲ್ಲ, ಮರವಲ್ಲ. ಅಡ್ಡ ಕೊಯ್ದರೆ ಒಳಗೂ ಅದೇ ಬಿಳಿ.
ಸಾಲಿಡ್ ಸರ್ಫೇಸ್ ಅಂತೆ.
“ನಿಮ್ಮ ಹೆಸರಿನದೇ ಸಾಮಾನು” ಅಂದಳು ವಾರಿಜ.
ನಾವು ಗಟ್ಟಿಗಳು.
ಅರಸಿನದ ಎಲೆಯೊಳಗೆ ಬೇಯುವುದೂ ಗಟ್ಟಿಯೇ, ಆದರೆ ಅದು ಮೆತ್ತಗೆ.
ನಾನು ಯಾವ ಗಟ್ಟಿ ಎಂದು ಅವಳು ಈವರೆಗೆ ಹೇಳಿಲ್ಲ.

ಎರಡು ಅಂಚುಗಳನ್ನೂ ಎದುರುಬದುರಿಟ್ಟು
ನಡುವೆ ಒಂದೇ ಸಲ ರೌಟರು ಓಡಿಸಿದೆ,
ಕೈ ನಡುಗಿದರೂ ಒಂದರ ಸೊಟ್ಟ ಇನ್ನೊಂದರ ಸೊಟ್ಟಕ್ಕೆ ಕೂಡಲಿ ಎಂದು.
ಧೂಳು ಎದ್ದಿತು. ಮಲ್ಲಿಗೆ ಬಳ್ಳಿ, ಒಣಗಲು ಹಾಕಿದ ನೈಟಿ,
ಸೆವ್ರಿನ್ ಬಾಯಿಯ ಕರಿ ಬೆಕ್ಕು,
ಎಲ್ಲಕ್ಕೂ ಒಂದೇ ಮಧ್ಯಾಹ್ನ ವಯಸ್ಸಾಯಿತು.

ಅಂಟಿನ ಮುಚ್ಚಳ ತೆರೆದೆ.
ಇದು ನನ್ನ ವಾಸನೆ!
ಮೂವತ್ತೆಂಟು ವರ್ಷ ಕಂಕನಾಡಿಯ ಡೆಂಟಲ್ ಲ್ಯಾಬಿನಲ್ಲಿ
ಗುಲಾಬಿ ಪುಡಿಗೆ ಹನಿಸುತ್ತಿದ್ದ ನೀರಿನದ್ದು,
ಬುತ್ತಿಯ ಬಂಗುಡೆಗೂ ಹತ್ತುತ್ತಿದ್ದದ್ದು.
ಎಷ್ಟೊಂದು ಬಾಯಿ ಕಟ್ಟಿದ್ದೇನೆ:
ವಕೀಲರದ್ದು, ಬೀಡಿ ಬ್ರಾಂಚಿನವರದ್ದು,
ಸೆಟ್ಟಿಲ್ಲದೆ ಸಕಾರ ಹೊರಡದ ಒಬ್ಬ ಭಾಗವತರದ್ದು.
ಮುಖ ಕಂಡದ್ದಿಲ್ಲ. ಡಾಕ್ಟರು ಕಳಿಸುವುದು ಅಚ್ಚು ಮಾತ್ರ.
ಬಿಳಿಯಲ್ಲಿ ಹದಿನಾರು ಬಿಳಿ ಉಂಟು, ಅಲ್ಲಿ ಕಲಿತೆ.
ಐಸ್‌ಕ್ರೀಮಿನ ಹಲಗೆ, ಚಾ ಕುಡಿಯುವವರ ಬಿಳಿ.
ಮತ್ತೊಂದು, ಕಾಲೇಜು ಹುಡುಗಿಯದು.
ಉಜ್ಜಿ ನೋಡಿದರೆ ಹಳದಿ ಬರೀ ಮೇಲಿನದು,
ಒಳಗೆ ಇಬ್ಬರೂ ಒಂದೇ.

ವಾರಿಜಳ ಕೆಳಗಿನ ಸೆಟ್ಟೂ ನಾನೇ ಮಾಡಿದ್ದು. ಐದು ವರ್ಷವಾಯಿತು.
ಅಂದಿನಿಂದ ಒಂದೇ ಮಾತು: “ಎಡಕ್ಕೆ ಏನೋ ತಾಗುತ್ತದೆ.”
ಉಗುರಾಡಿಸಿದೆ. ಭೂತಗನ್ನಡಿ ಹಿಡಿದೆ. ಏನೂ ಇಲ್ಲ.
“ಅಭ್ಯಾಸ ಆಗ್ತದೆ” ಅಂದೆ.
ಎಲ್ಲರಿಗೂ ಹೇಳುತ್ತಿದ್ದದ್ದೇ, ನಮ್ಮ ಲ್ಯಾಬಿನ ಗ್ಯಾರಂಟಿ ಕಾರ್ಡು.

ಕ್ಲಾಂಪು ಬಿಗಿದಾಗ ಸಂದಿನಿಂದ ಅಂಟು ಉಕ್ಕಿ ಬಂತು.
ಒರೆಸಬಾರದು. ಹಾಗೇ ಗಟ್ಟಿಯಾಗಲು ಬಿಡಬೇಕು,
ಜಗಳದ ಮರುದಿನದ ಹಾಗೆ.
ಆಮೇಲೆ ಕೆರೆದೆ. ಎಂಬತ್ತರ ಕಾಗದ, ನೂರಿಪ್ಪತ್ತು, ಇನ್ನೂರನಲವತ್ತು,
ನಾನೂರಕ್ಕೆ ಕೈ ಹಾಕುವಾಗ ಕರೆಂಟು ಹೋಯಿತು.

ಕತ್ತಲಲ್ಲಿ ಅಂಗೈ ಸವರಿದೆ. ಗೆರೆ ಇಲ್ಲ.
ಉಗುರು ಎಳೆದೆ. ಇಲ್ಲ.
ಎರಡು ಎಂಬುದೇ ಸುಳ್ಳು ಅನ್ನುವಷ್ಟು ಇಲ್ಲ.
ಯಾಕೋ ಗೊತ್ತಿಲ್ಲ, ಬಗ್ಗಿ
ನಾಲಗೆ ಇಟ್ಟೆ.

ಅಷ್ಟರಲ್ಲಿ ಮೊಬೈಲಿನ ಬೆಳಕು ಬೆನ್ನಿಗೆ ಬಿತ್ತು.
“ಎಂತ ಮಾರಾಯ್ರೆ, ಉಪ್ಪು ಸಾಕಾ?”

ನಾನು ತಲೆ ಎತ್ತಲಿಲ್ಲ.
ತುದಿಯಲ್ಲಿ ಒಂದು ಏಣು. ಕೂದಲಿನಷ್ಟೂ ಇಲ್ಲ.
ಉಗುರಿಗೆ ಸಿಕ್ಕದ್ದು, ಕನ್ನಡಿಗೆ ಸಿಕ್ಕದ್ದು,
ಇಷ್ಟು ದಪ್ಪಕ್ಕೆ, ಇಷ್ಟು ಉದ್ದಕ್ಕೆ, ಇದೇ ಇಲ್ಲಿ
ಏಳುತ್ತದೆ, ಇಳಿಯುತ್ತದೆ.

“ವಾರಿಜಾ, ಆ ಸೆಟ್ಟು ಒಮ್ಮೆ ತೆಗೆದುಕೊಡು.”
“ಈಗವಾ? ಊಟ ಆಗ್ಲಿಲ್ಲ.”
“ಊಟಕ್ಕೆ ಮೊದಲು.”

ಆಚೆ ತಿರುಗಿ ಬಾಯಿಗೆ ಬೈರಾಸು ಅಡ್ಡ ಹಿಡಿದಳು.
ಒದ್ದೆ ಗುಲಾಬಿ ವಸಡು,
ನನ್ನ ಮೇಜಿನ ಮೇಲೆ ಮೊದಲು ಕೂತ ಸಾಮಾನು.
ಏನೋ ಅಂದಳು. ಹಲ್ಲಿಲ್ಲದ ಮಾತು, ಪೂರ್ತಿ ತಿಳಿಯಿತು.

ನಲ್ಲಿಯಲ್ಲಿ ತೊಳೆದು ತಂದೆ.
ಕರೆಂಟು ಬಂತು.
“ಲೈಟು ಆರಿಸು” ಅಂದೆ.